ಹಸ್ತಪ್ರತಿಗಳ ಏಕವರ್ಣ ಪ್ರತಿಚಿತ್ರಗಳು: ವರ್ಣಲೋಪದ ವಿಚಾರ

ಶ್ರವಣಬೆಳಗೊಳದ ಜೈನಮಠದ ಭಿತ್ತಿಚಿತ್ರಗಳಲ್ಲಿ ಷಡ್ಲೇಶ್ಯೆಗಳನ್ನು ನಿರೂಪಿಸುವ ವೃಕ್ಷದ ಚಿತ್ರವೊಂದಿದೆ. ಹಣ್ಣಿಗಾಗಿ ಒಂದೇ ಮರದ ಬಳಿಗೆ ಬಂದ ಆರು ಜನರಲ್ಲಿ ಒಬ್ಬನು ಮರವನ್ನು ಬುಡಸಹಿತ ಕೀಳಲು ಬಯಸುತ್ತಾನೆ; ಇನ್ನೊಬ್ಬನು ಕಾಂಡವನ್ನೂ, ಮತ್ತೊಬ್ಬನು ದೊಡ್ಡ ಕೊಂಬೆಯನ್ನೂ, ಮಗುದೊಬ್ಬನು ಸಣ್ಣ ರೆಂಬೆಯನ್ನೂ ಕಡಿಯಲೆಳಸುತ್ತಾನೆ; ಐದನೆಯವನಿಗೆ ಹಣ್ಣಿನ ಗೊಂಚಲು ಸಾಕು; ಆರನೆಯವನು ನೆಲಕ್ಕೆ ಬಿದ್ದ ಹಣ್ಣುಗಳಿಂದಲೇ ತೃಪ್ತನಾಗುತ್ತಾನೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಜೀವಪರಿಣಾಮದ ತಾರತಮ್ಯವನ್ನು ತಿಳಿಸುವ ಈ ದೃಷ್ಟಾಂತವು ಜೈನ ಪರಂಪರೆಯಲ್ಲಿ ಸರ್ವವಿದಿತವಾದುದು. ಇಂತಹ ಚಿತ್ರವೊಂದನ್ನು ಕಪ್ಪು-ಬಿಳುಪಿನಲ್ಲಿ ಅಚ್ಚುಮಾಡಿದರೆ ಆರು ಜನರೂ ಅವರ ಕ್ರಿಯೆಗಳೂ ಉಳಿಯುತ್ತವೆ. ಉಳಿಯದೆ ಹೋಗುವುದು ಲೇಶ್ಯೆ.

ಇದು ಮಾತಿನ ಚಮತ್ಕಾರವಲ್ಲ. ದ್ರವ್ಯಲೇಶ್ಯೆಗಳ ವರ್ಣವನ್ನು ಹೇಳುವಲ್ಲಿ ಗ್ರಂಥಗಳು ಪೂರ್ಣವಾಗಿ ಏಕಮತವಾಗಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದ ಜೀವಕಾಂಡವು ಆರು ಲೇಶ್ಯೆಗಳಿಗೆ ಕ್ರಮವಾಗಿ ದುಂಬಿ, ನೀಲಮಣಿ, ಪಾರಿವಾಳ, ಚಿನ್ನ, ತಾವರೆ, ಶಂಖಗಳ ಹೋಲಿಕೆಯನ್ನು ಕೊಡುತ್ತದೆ. ಉತ್ತರಾಧ್ಯಯನ ಸೂತ್ರದ ೩೪ನೆಯ ಅಧ್ಯಯನದ ಪ್ರಕಾರ ನಾಲ್ಕನೆಯದಾದ ತೇಜೋಲೇಶ್ಯೆ ಕೆಂಪು, ಐದನೆಯದಾದ ಪದ್ಮಲೇಶ್ಯೆ ಹಳದಿ. ಆದ್ದರಿಂದ ಯಾವುದೋ ಹಸ್ತಪ್ರತಿಯ ಲೇಶ್ಯಾವೃಕ್ಷದಲ್ಲಿ ನಾಲ್ಕನೆಯವನ ಮೈಬಣ್ಣ ಹೊನ್ನೋ ಕೆಂಪೋ ಎಂಬುದು, ಚಿತ್ರಕಾರನು ಯಾವ ಪಾಠಪರಂಪರೆಯನ್ನು ಅನುಸರಿಸಿದನೆಂಬ ಪ್ರಶ್ನೆಗೆ ಸಾಕ್ಷ್ಯವಾಗಬಲ್ಲುದು. ಏಕವರ್ಣದ ಪ್ರತಿಚಿತ್ರವು ಆ ಸಾಕ್ಷ್ಯವನ್ನು ಅಳಿಸಿಹಾಕುತ್ತದೆ. ಅಳಿಸಿದುದರ ಗುರುತನ್ನೂ ಉಳಿಸುವುದಿಲ್ಲ.

‘ವರ್ಣ’ವೆಂಬ ಪದಕ್ಕೆ ಅಕ್ಷರವೆಂದೂ ಬಣ್ಣವೆಂದೂ ಎರಡರ್ಥಗಳಿವೆ. ಗ್ರಂಥಸಂಪಾದಕನು ಮೊದಲನೆಯ ಅರ್ಥದ ವರ್ಣಲೋಪವನ್ನು ಸಹಿಸುವುದಿಲ್ಲ. ಓಲೆಯಲ್ಲಿ ಒಂದಕ್ಷರ ಬಿಟ್ಟುಹೋಗಿದ್ದರೆ ಕಂಸದಲ್ಲಿ ತುಂಬುತ್ತಾನೆ, ಸಂದೇಹವಿದ್ದರೆ ಅಡಿಟಿಪ್ಪಣಿ ಕೊಡುತ್ತಾನೆ, ಪಾಠಾಂತರಗಳನ್ನು ಪ್ರತಿಗಳ ಸಂಕೇತದೊಡನೆ ದಾಖಲಿಸುತ್ತಾನೆ. ಆದರೆ ಅದೇ ಗ್ರಂಥದ ಮುಖಚಿತ್ರವಾಗಿಯೋ ಫಲಕವಾಗಿಯೋ ಹಸ್ತಪ್ರತಿಯ ಛಾಯಾಚಿತ್ರವನ್ನು ಸೇರಿಸುವಾಗ ಎರಡನೆಯ ಅರ್ಥದ ವರ್ಣಲೋಪವನ್ನು ಮುದ್ರಣಾಲಯದ ಅಥವಾ ಕಂಪ್ಯೂಟರಿನ ವಿವೇಚನೆಗೆ ಬಿಟ್ಟುಬಿಡುವುದು ವಾಡಿಕೆಯಾಗಿದೆ. ಬಣ್ಣದ ಚಿತ್ರವನ್ನು ಏಕವರ್ಣಕ್ಕೆ ಇಳಿಸುವುದೂ ಒಂದು ಪಾಠನಿರ್ಣಯವೇ. ಅದಕ್ಕೂ ಕಾರಣ ಹೇಳಬೇಕು, ಅದನ್ನೂ ದಾಖಲಿಸಬೇಕು. ಈ ಮಾತು ಇನ್ನೂ ಸಾಕಷ್ಟು ಮನವರಿಕೆಯಾಗಿಲ್ಲ.

ಕಪ್ಪು-ಬಿಳುಪಿನ ಛಾಯಾಚಿತ್ರವೆಂದರೆ ವಸ್ತುವಿನ ಬೆಳಕು-ನೆರಳುಗಳ ನಿಷ್ಪಕ್ಷಪಾತವಾದ ದಾಖಲೆಯೆಂಬ ನಂಬಿಕೆ ಹಳೆಯದು. ಛಾಯಾಗ್ರಹಣದ ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊಲೋಡಿಯನ್ ಗಾಜುಪಟಲಗಳು ನೀಲಿ ಮತ್ತು ನೇರಳಾತೀತ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ನೀಲಿ ಬಿಳಿಚಿಕೊಂಡು ಕಾಣುತ್ತಿತ್ತು, ಕೆಂಪು ಕಪ್ಪಾಗುತ್ತಿತ್ತು. ೧೮೭೩ರಲ್ಲಿ ಜರ್ಮನಿಯ ಹರ್ಮನ್ ವಿಲ್‌ಹೆಲ್ಮ್ ಫೋಗೆಲ್ ಬಣ್ಣದ ದ್ರವ್ಯಗಳನ್ನು ಬೆರೆಸಿ ಪಟಲದ ಸ್ಪಂದನೆಯನ್ನು ಹಸುರಿನವರೆಗೆ ವಿಸ್ತರಿಸಬಹುದೆಂದು ಕಂಡುಕೊಂಡನು. ಆ ಬಳಿಕ ಬಂದ ಆರ್ಥೊಕ್ರೊಮ್ಯಾಟಿಕ್ ಪಟಲಗಳಿಗೂ ಕೆಂಪು ಅಗೋಚರವಾಗಿಯೇ ಉಳಿಯಿತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಪಟಲಗಳು ಮಾರುಕಟ್ಟೆಗೆ ಬಂದುದು ೧೯೦೬ರಲ್ಲಿ. ಅನಂತರವೂ ಹಳೆಯ ಬಗೆಯ ಪಟಲಗಳ ಬಳಕೆ ಬಹುಕಾಲ ನಿಲ್ಲಲಿಲ್ಲ. ಹೀಗಾಗಿ ಒಂದೇ ಪತ್ರದ ಎರಡು ಹಳೆಯ ಛಾಯಾಚಿತ್ರಗಳಲ್ಲಿ ಕಪ್ಪು-ಬಿಳುಪುಗಳು ಪರಸ್ಪರ ವಿರುದ್ಧವಾಗಿ ಕಾಣುವುದೂ ಸಾಧ್ಯ.

ಪಶ್ಚಿಮ ಭಾರತದ ಜೈನ ಚಿತ್ರಕಲೆಯ ಅಧ್ಯಯನಕ್ಕೆ ಇದರಿಂದ ನೇರವಾದ ಬಾಧೆಯುಂಟು. ಡಬ್ಲ್ಯು. ನಾರ್ಮನ್ ಬ್ರೌನ್ ಅವರ ಕಾಲಕಕಥೆಯ ಅಧ್ಯಯನ (೧೯೩೩), ಕಲ್ಪಸೂತ್ರದ ಚಿತ್ರಗಳ ವಿವರಣಾತ್ಮಕ ಸೂಚಿ (೧೯೩೪), ಮೋತಿಚಂದ್ರ ಅವರ ಜೈನ ಕಿರುಚಿತ್ರಗಳ ಗ್ರಂಥ (೧೯೪೯) ಇವು ಈ ಕ್ಷೇತ್ರದ ಆಧಾರಗ್ರಂಥಗಳು. ಇವುಗಳ ಫಲಕಗಳಲ್ಲಿ ಬಹುಪಾಲು ಏಕವರ್ಣದವು. ಆ ಕಾಲದ ಮುದ್ರಣವೆಚ್ಚವನ್ನು ನೆನೆದರೆ ಇದು ಆಕ್ಷೇಪಾರ್ಹವಲ್ಲ. ಆ ವಿದ್ವಾಂಸರು ಮೂಲಪ್ರತಿಗಳನ್ನು ಕಣ್ಣಾರೆ ಕಂಡು ಬರೆದವರು. ತೊಂದರೆಯಿರುವುದು ಫಲಕವನ್ನಷ್ಟೇ ಕಂಡು ಬರೆಯುವವರಲ್ಲಿ. ಕಲ್ಪಸೂತ್ರದ ಚಿತ್ರಗಳಲ್ಲಿ ಮೊದಮೊದಲು ಇಟ್ಟಿಗೆಗೆಂಪಿನ ಹಿನ್ನೆಲೆ ಪ್ರಧಾನವಾಗಿದ್ದು, ಹದಿನೈದನೆಯ ಶತಮಾನದಲ್ಲಿ ನೀಲಿಯೂ ಚಿನ್ನವೂ ಹೆಚ್ಚುತ್ತ ಬಂದುವೆಂಬುದು ಕಾಲನಿರ್ಣಯಕ್ಕೆ ನೆರವಾಗುವ ಲಕ್ಷಣಗಳಲ್ಲಿ ಒಂದು. ಕಪ್ಪುಬೂದು ಹಿನ್ನೆಲೆಯ ಫಲಕವೊಂದು ಎದುರಿಗಿದ್ದಾಗ ಅದು ಕೆಂಪೋ ನೀಲಿಯೋ ಎಂದು ಊಹಿಸಲು ಆಧಾರವೇ ಇಲ್ಲ. ಪಟಲದ ಜಾತಿ ತಿಳಿದಿದ್ದರೆ ಊಹೆಗೆ ಸ್ವಲ್ಪ ನೆಲೆಯಾದರೂ ದೊರೆಯುತ್ತಿತ್ತು. ಅದನ್ನು ತಿಳಿಸುವ ಫಲಕಗಳು ವಿರಳ. ಚಿನ್ನದ ಪಾಡಂತೂ ಇನ್ನೂ ಅನಿಶ್ಚಿತ: ದೀಪದ ಬೆಳಕು ಪ್ರತಿಫಲಿಸಿದರೆ ಅದು ಅಚ್ಚಬಿಳುಪು, ಪ್ರತಿಫಲಿಸದಿದ್ದರೆ ಕಡುಗಪ್ಪು.

ಛಾಯಾಪಟಲದ ಸ್ಥಾನದಲ್ಲಿ ಕಂಪ್ಯೂಟರು ಬಂದಮೇಲೆ ಈ ಅನಿಶ್ಚಯ ನೀಗಿತೆಂದು ಭಾವಿಸುವವರುಂಟು. ನೀಗಲಿಲ್ಲ, ಅದು ಗಣಿತದ ರೂಪವನ್ನು ತಾಳಿತು. ಬಣ್ಣದ ಡಿಜಿಟಲ್ ಚಿತ್ರದ ಪ್ರತಿಯೊಂದು ಬಿಂದುವಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಘಟಕಗಳಿದ್ದು, ಸಾಮಾನ್ಯವಾಗಿ ಪ್ರತಿಯೊಂದರ ಮೌಲ್ಯ ೦ಯಿಂದ ೨೫೫ರವರೆಗೆ ಇರುತ್ತದೆ. ಏಕವರ್ಣವೆಂದರೆ ಈ ಮೂರು ಸಂಖ್ಯೆಗಳನ್ನು ಒಂದಾಗಿಸುವುದು. ಬಹುಬಳಕೆಯ ಸೂತ್ರವೊಂದು ಕೆಂಪಿಗೆ ೦.೨೯೯, ಹಸುರಿಗೆ ೦.೫೮೭, ನೀಲಿಗೆ ೦.೧೧೪ರಷ್ಟು ತೂಕ ಕೊಟ್ಟು ಕೂಡುತ್ತದೆ. ಈ ತೂಕಗಳು ದೂರದರ್ಶನದ ಪ್ರಸಾರಕ್ಕಾಗಿ, ಮಾನವನೇತ್ರವು ಹಸುರಿಗೆ ಹೆಚ್ಚು ಸಂವೇದನಶೀಲವೆಂಬ ತತ್ತ್ವದ ಮೇಲೆ ನಿಗದಿಯಾದವು. ಲಿಪಿಕಾರನ ಮಸಿಯನ್ನಾಗಲಿ ಚಿತ್ರಕಾರನ ಇಂಗಳೀಕವನ್ನಾಗಲಿ ಮನಸ್ಸಿನಲ್ಲಿಟ್ಟುಕೊಂಡು ಅವನ್ನು ಯಾರೂ ರಚಿಸಲಿಲ್ಲ.

ಇದರ ಪರಿಣಾಮವನ್ನು ಕಲ್ಪಿತವಾದ ಒಂದು ಉದಾಹರಣೆಯಿಂದ ಪರೀಕ್ಷಿಸಬಹುದು. ಕೆಂಪು ಹಿನ್ನೆಲೆಯೊಂದರ ಘಟಕಗಳು ೨೦೦, ೪೦, ೩೦ ಎಂದೂ, ನೀಲಿ ಹಿನ್ನೆಲೆಯೊಂದರವು ೩೦, ೯೦, ೨೨೦ ಎಂದೂ ಇಟ್ಟುಕೊಂಡರೆ, ಮೇಲಿನ ಸೂತ್ರದಿಂದ ಎರಡಕ್ಕೂ ಬರುವ ಮೌಲ್ಯ ೮೭. ಅಂದರೆ ಕಣ್ಣಿಗೆ ಹಗಲು-ರಾತ್ರಿಗಳಷ್ಟು ಭಿನ್ನವಾದ ಎರಡು ಬಣ್ಣಗಳು ಏಕವರ್ಣದಲ್ಲಿ ಅಭಿನ್ನವಾಗುತ್ತವೆ. ಮೂರು ಘಟಕಗಳ ಸರಾಸರಿಯನ್ನು ತೆಗೆದರೆ ಕೆಂಪು ೯೦, ನೀಲಿ ೧೧೩. ಕೆಂಪು ಘಟಕವನ್ನಷ್ಟೇ ಉಳಿಸಿದರೆ ಕೆಂಪು ೨೦೦, ನೀಲಿ ೩೦. ನೀಲಿ ಘಟಕವನ್ನಷ್ಟೇ ಉಳಿಸಿದರೆ ಕೆಂಪು ೩೦, ನೀಲಿ ೨೨೦. ಒಂದೇ ಮೂಲದಿಂದ ನಾಲ್ಕು ಚಿತ್ರಗಳು. ಒಂದರಲ್ಲಿ ಭೇದವಿಲ್ಲ, ಒಂದರಲ್ಲಿ ಅಲ್ಪಭೇದ, ಇನ್ನೆರಡರಲ್ಲಿ ತದ್ವಿರುದ್ಧ ಭೇದ. ಇವುಗಳಲ್ಲಿ ಯಾವುದನ್ನು ಅಚ್ಚುಮಾಡಿದರೂ ಅದರ ಕೆಳಗೆ ‘ಮೂಲಪ್ರತಿಯ ಛಾಯಾಚಿತ್ರ’ ಎಂಬ ಒಂದೇ ಶೀರ್ಷಿಕೆ ಇರುತ್ತದೆ.

ಚಿತ್ರಗಳ ವಿಷಯ ಹಾಗಿರಲಿ. ಅಕ್ಷರಮಾತ್ರವುಳ್ಳ ಪತ್ರಗಳಿಗೆ ಏಕವರ್ಣವೇ ಸಾಕೆಂಬ ವಾದವು ಮೇಲ್ನೋಟಕ್ಕೆ ಯುಕ್ತವಾಗಿ ಕಾಣುತ್ತದೆ. ಆದರೆ ಕಾಗದದ ಜೈನ ಹಸ್ತಪ್ರತಿಗಳ ಪರಿಚಯವುಳ್ಳವರು ಇದನ್ನು ಒಪ್ಪಲಾರರು. ಆ ಪ್ರತಿಗಳಲ್ಲಿ ತಪ್ಪಾದ ಅಕ್ಷರದ ಮೇಲೆ ಹರಿತಾಳವನ್ನು ಬಳಿದು ಮುಚ್ಚುವ ಪದ್ಧತಿಯಿತ್ತು. ಆ ಹಳದಿಯ ತೇಪೆಯೇ ಲಿಪಿಕಾರನ, ಅಥವಾ ಅವನ ಬಳಿಕ ತಿದ್ದಿದವನ, ಹಸ್ತಸಾಕ್ಷ್ಯ. ಅಂತೆಯೇ ಶ್ಲೋಕಸಂಖ್ಯೆ, ದಂಡ, ಪ್ರಕರಣದ ಹೆಸರುಗಳನ್ನು ಕೆಂಪಿನಿಂದ ಬರೆಯುವುದೂ, ಬರೆದುದರ ಮೇಲೆ ಜಾಜಿನ ಲೇಪವನ್ನು ಎಳೆಯುವುದೂ ಸಾಮಾನ್ಯ. ಕಾಗದದ ಬಣ್ಣ ೨೨೨, ೨೦೦, ೧೬೦ ಎಂದೂ ಹರಿತಾಳದ್ದು ೨೨೦, ೧೮೫, ೬೦ ಎಂದೂ ಇಟ್ಟುಕೊಂಡರೆ, ಕೆಂಪು ಘಟಕದಲ್ಲಿ ಇವೆರಡರ ಅಂತರ ಕೇವಲ ೨. ತಿದ್ದುಪಡಿಯು ಕಾಗದದಲ್ಲಿ ಲೀನವಾಗಿ, ಅಲ್ಲಿ ಲಿಪಿಕಾರನು ಖಾಲಿ ಜಾಗವನ್ನು ಬಿಟ್ಟನೆಂಬ ಭ್ರಮೆ ಹುಟ್ಟುತ್ತದೆ. ತೂಕದ ಸೂತ್ರದಲ್ಲಿ ಕಾಗದ ೨೦೨, ಹರಿತಾಳ ೧೮೧. ನೀರಿನ ಕಲೆಯೆಂದು ತೋರುವಷ್ಟು ಮಾತ್ರ ಮಬ್ಬು. ನೀಲಿ ಘಟಕದಲ್ಲಿ ಅಂತರ ೧೦೦. ತೇಪೆ ಎದ್ದು ಕಾಣುತ್ತದೆ. ಆದರೆ ಅದೇ ನೀಲಿ ಘಟಕದಲ್ಲಿ ಕೆಂಪಕ್ಷರವು ಕಪ್ಪಕ್ಷರದೊಡನೆ ಬೆರೆತು, ಪ್ರಕರಣದ ಹೆಸರು ಮೂಲಪಾಠದ ಭಾಗವೇ ಎಂಬಂತಾಗುತ್ತದೆ. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ. ಎರಡನ್ನೂ ಒಟ್ಟಿಗೆ ಉಳಿಸುವುದು ಬಣ್ಣದ ಚಿತ್ರವೊಂದೇ.

ಪ್ರತಿಮಾಲಕ್ಷಣದ ದೃಷ್ಟಿಯಿಂದ ಪರಿಶೀಲಿಸಿದರೆ ಹಾನಿ ಇನ್ನೂ ಸ್ಪಷ್ಟವಾಗುತ್ತದೆ. ತೀರ್ಥಂಕರರಿಗೆ ಲಾಂಛನ, ಯಕ್ಷ, ಯಕ್ಷಿಯರಂತೆ ವರ್ಣವೂ ನಿಯತವಾಗಿದೆ. ಪದ್ಮಪ್ರಭ, ವಾಸುಪೂಜ್ಯರು ರಕ್ತವರ್ಣದವರು. ಚಂದ್ರಪ್ರಭ, ಪುಷ್ಪದಂತರು ಶ್ವೇತವರ್ಣದವರು. ಮುನಿಸುವ್ರತ, ನೇಮಿನಾಥರು ಶ್ಯಾಮವರ್ಣದವರು. ಇಲ್ಲಿಯವರೆಗೆ ಎರಡು ಸಂಪ್ರದಾಯಗಳಿಗೂ ಒಮ್ಮತವುಂಟು. ಮುಂದಿನ ಜೋಡಿಯಲ್ಲಿ ದಿಗಂಬರರು ಸುಪಾರ್ಶ್ವ, ಪಾರ್ಶ್ವರನ್ನು ಹಸುರು ಬಣ್ಣದವರೆನ್ನುತ್ತಾರೆ. ಶ್ವೇತಾಂಬರರು ಮಲ್ಲಿ, ಪಾರ್ಶ್ವರನ್ನು ನೀಲವರ್ಣದವರೆನ್ನುತ್ತಾರೆ. ಉಳಿದ ಹದಿನಾರು ಜನ ಸುವರ್ಣವರ್ಣದವರು. ಹೀಗಾಗಿ ಚಿತ್ರಿತ ಪ್ರತಿಯೊಂದರಲ್ಲಿ ಮಲ್ಲಿನಾಥನು ಹೊನ್ನಿನ ಬಣ್ಣದವನೋ ನೀಲಿಯವನೋ ಎಂಬುದೊಂದೇ ಅಂಶ ಆ ಪ್ರತಿಯ ಸಂಪ್ರದಾಯದ ಕಡೆಗೆ ಬೆರಳು ತೋರಬಲ್ಲುದು. ಮೂಡಬಿದಿರೆಯ ಸಿದ್ಧಾಂತ ಬಸದಿಗೆ ಸೇರಿದ ಧವಲಾದಿ ತಾಳೆಯೋಲೆಗಳು ಹನ್ನೆರಡನೆಯ ಶತಮಾನದ ಚಿತ್ರಗಳನ್ನುಳ್ಳವು. ದಕ್ಷಿಣದ ಜೈನ ಚಿತ್ರಿತ ಪ್ರತಿಗಳಲ್ಲಿ ಅತ್ಯಂತ ಪ್ರಾಚೀನವಾದುವು. ಓಲೆಯ ಕಿರಿದಾದ ಅಗಲದಲ್ಲಿ ಬರೆದ ಇಂತಹ ಚಿತ್ರಗಳಲ್ಲಿ ಲಾಂಛನ ಸವೆದಿದ್ದರೆ ಅಥವಾ ಅಸ್ಪಷ್ಟವಾಗಿದ್ದರೆ ವರ್ಣವೇ ಗುರುತಿನ ಆಧಾರವಾಗಬೇಕಾಗುತ್ತದೆ. ಅಂತಹ ಪತ್ರವನ್ನು ಬೂದುಬಣ್ಣದಲ್ಲಿ ಪ್ರಕಟಿಸಿ, ಕೆಳಗೆ ‘ತೀರ್ಥಂಕರ’ ಎಂದಷ್ಟೇ ಬರೆಯುವುದು ಗುರುತಿಸುವ ಬಾಗಿಲನ್ನು ಮುಚ್ಚಿದಂತೆ.

ಏಕವರ್ಣದ ಕೊನೆಯ ಮೆಟ್ಟಿಲು ಬೂದುಬಣ್ಣವನ್ನೂ ತೊರೆದು ಅಚ್ಚಕಪ್ಪು, ಅಚ್ಚಬಿಳುಪು ಎಂಬ ಎರಡೇ ಮೌಲ್ಯಗಳಿಗೆ ಇಳಿಯುವುದು. ಕಡತ ಚಿಕ್ಕದಾಗುತ್ತದೆ, ಅಚ್ಚು ಮೊನಚಾಗುತ್ತದೆ, ಓದಲು ಹಿತವೆನಿಸುತ್ತದೆ. ಆದ್ದರಿಂದ ಇದು ಜನಪ್ರಿಯವಾಗಿದೆ. ಇದಕ್ಕೆ ಒಂದು ಮಿತಿಸಂಖ್ಯೆ ಬೇಕು. ಅದಕ್ಕಿಂತ ಕಡಿಮೆಯಾದುದೆಲ್ಲ ಕಪ್ಪು, ಹೆಚ್ಚಾದುದೆಲ್ಲ ಬಿಳುಪು. ಜಪಾನಿನ ಒತ್ಸು ೧೯೭೯ರಲ್ಲಿ ಈ ಮಿತಿಯನ್ನು ಚಿತ್ರದ ಮೌಲ್ಯಗಳ ಹಂಚಿಕೆಯಿಂದಲೇ ಲೆಕ್ಕಹಾಕುವ ವಿಧಾನವನ್ನು ಕೊಟ್ಟನು. ಸಮನಾದ ಬೆಳಕಿನ, ಬಿಳಿ ಕಾಗದದ ಪುಟಕ್ಕೆ ಅದು ಯೋಗ್ಯವಾದುದು. ತಾಳೆಯೋಲೆ ಅಂತಹ ಪುಟವಲ್ಲ. ಗರಿಯ ನಡುಭಾಗದ ಹೊಳಪು ೧೫೦, ಅಲ್ಲಿಯ ಅಕ್ಷರ ೧೦೫; ಕಂದಿದ ಅಂಚಿನ ಹೊಳಪು ೧೦೦, ಅಲ್ಲಿಯ ಅಕ್ಷರ ೭೦ ಎಂದು ಇಟ್ಟುಕೊಂಡರೆ, ಗರಿಯ ಉದ್ದಕ್ಕೂ ಸಲ್ಲುವ ಒಂದೇ ಮಿತಿಯನ್ನು ಕಂಡುಹಿಡಿಯುವುದು ಅಸಾಧ್ಯ. ಮಿತಿ ೧೧೦ ಆದರೆ ಅಂಚು ಅಕ್ಷರಸಹಿತ ಕಪ್ಪಾಗುತ್ತದೆ. ೮೫ ಆದರೆ ನಡುವಿನ ಅಕ್ಷರಗಳೇ ಮಾಯವಾಗುತ್ತವೆ. ೧೯೮೬ರಲ್ಲಿ ನಿಬ್ಲ್ಯಾಕ್, ೨೦೦೦ದಲ್ಲಿ ಸೌವೋಲಾ ಮತ್ತು ಪಿಯೆಟಿಕೈನೆನ್ ಸೂಚಿಸಿದ ವಿಧಾನಗಳು ಸ್ಥಳದಿಂದ ಸ್ಥಳಕ್ಕೆ ಮಿತಿಯನ್ನು ಬದಲಿಸಿ ಈ ಕಷ್ಟವನ್ನು ಬಹುಮಟ್ಟಿಗೆ ಪರಿಹರಿಸುತ್ತವೆ. ಆದರೂ ಕಂಠದಿಂದ ಕೊರೆದ ಸೊನ್ನೆಯ ಒಳಗಿನ ಬಿಳುಪು ಮುಚ್ಚಿಹೋಗಿ ಚುಕ್ಕೆಯಾಗುವುದು, ಹುಳು ಕೊರೆದ ರಂಧ್ರವು ಸೊನ್ನೆಯಾಗಿ ಕಾಣುವುದು, ಕಾಡಿಗೆ ಉದುರಿದ ಸಣ್ಣ ಗೀರು ಮರೆಯಾಗುವುದು ಇವುಗಳಿಗೆ ಯಾವ ಸೂತ್ರವೂ ಪೂರ್ಣರಕ್ಷಣೆ ಕೊಡಲಾರದು. ಬೂದುಬಣ್ಣದಲ್ಲಿ ಸಂದೇಹವು ಸಂದೇಹವಾಗಿಯೇ ಉಳಿಯುತ್ತದೆ. ದ್ವಿಮೌಲ್ಯ ಚಿತ್ರದಲ್ಲಿ ಅದು ನಿರ್ಣಯವಾಗಿ ಮಾರ್ಪಡುತ್ತದೆ. ಮಸುಕಾದ ಅಕ್ಷರವನ್ನು ‘ಇದೆ’ ಅಥವಾ ‘ಇಲ್ಲ’ ಎಂದು ಯಂತ್ರವೇ ತೀರ್ಮಾನಿಸಿ, ತೀರ್ಮಾನಿಸಿದ್ದನ್ನು ಹೇಳದೆ ಓದುಗನ ಮುಂದಿಡುತ್ತದೆ.

ಒಂದು ಪದ ಇದೆಯೋ ಇಲ್ಲವೋ ಎಂಬುದರ ಬೆಲೆಯೇನೆಂಬುದನ್ನು ಜೈನ ಗ್ರಂಥಸಂಪಾದನೆಯ ಚರಿತ್ರೆ ಬಲ್ಲುದು. ಷಟ್ಖಂಡಾಗಮವು ಧವಲಾಟೀಕೆಯೊಡನೆ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ೧೯೩೯ರಿಂದ ಪ್ರಕಟವಾಗತೊಡಗಿದಾಗ, ಮೊದಲ ಸಂಪುಟಕ್ಕೆ ಆಧಾರವಾಗಿ ದೊರೆತಿದ್ದುದು ಮೂಡಬಿದಿರೆಯ ಓಲೆಗಳಿಂದ ಪರಂಪರೆಯಾಗಿ ಇಳಿದುಬಂದ ಕಾಗದದ ಪ್ರತಿಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಅವುಗಳಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಅರ್ಥಸಂಗತಿಯಿಂದ ಅದು ಅಲ್ಲಿರಬೇಕೆಂದು ಸಂಪಾದಕರು ಟಿಪ್ಪಣಿಯಲ್ಲಿ ಸೂಚಿಸಿದರು. ಮನುಷ್ಯಿಣಿಯ ಗುಣಸ್ಥಾನಗಳನ್ನು ಕುರಿತ ಆ ಸೂತ್ರಕ್ಕೂ ಸ್ತ್ರೀಮುಕ್ತಿಯ ಪ್ರಶ್ನೆಗೂ ಸಂಬಂಧವಿದ್ದುದರಿಂದ ತೀವ್ರವಾದ ಚರ್ಚೆ ನಡೆಯಿತು. ಕೊನೆಗೆ ಮೂಡಬಿದಿರೆಯ ಮೂಲ ಓಲೆಗಳನ್ನು ನೋಡಿದಾಗ ಆ ಪದ ಅಲ್ಲಿರುವುದು ಕಂಡುಬಂತು. ಪ್ರತಿಯಿಂದ ಪ್ರತಿಗೆ ಇಳಿಯುವಾಗ ಬಿಟ್ಟುಹೋದುದನ್ನು ಮೂಲವು ಮರಳಿ ಕೊಟ್ಟಿತು. ಇಂದು ದೂರದ ವಿದ್ವಾಂಸನಿಗೆ ಮೂಲದ ಸ್ಥಾನದಲ್ಲಿ ನಿಲ್ಲುವುದು ಪ್ರತಿಚಿತ್ರ. ಅದೇ ಒಂದು ಕಳಪೆ ನಕಲಿನಂತೆ ಮೌನವಾಗಿ ಲೋಪಗಳನ್ನೆಸಗಿದರೆ ತಿದ್ದಲು ಯಾವ ನೆಲೆಗೆ ಹೋಗಬೇಕು?

ಏಕವರ್ಣದಲ್ಲಿ ಇನ್ನೊಂದು ಬಗೆಯುಂಟು; ಅದನ್ನು ಅಲಂಕಾರವೆನ್ನುವುದೇ ಸರಿ. ಬೂದುಬಣ್ಣದ ಚಿತ್ರಕ್ಕೆ ಕಂದುಬಣ್ಣದ ಛಾಯೆಯನ್ನು ಲೇಪಿಸಿ ‘ಪ್ರಾಚೀನತೆ’ಯನ್ನು ತರುವುದು ಪುಸ್ತಕಗಳ ಹೊದಿಕೆಗಳಲ್ಲಿಯೂ ಫಲಕಗಳಲ್ಲಿಯೂ ಕಾಣುತ್ತದೆ. ಹಳೆಯ ಛಾಯಾಗ್ರಾಹಕರು ಚಿತ್ರವನ್ನು ಕಂದಾಗಿಸುತ್ತಿದ್ದುದಕ್ಕೆ ಸೊಗಸಿನ ಜೊತೆಗೆ ಪ್ರಯೋಜನವೂ ಇತ್ತು: ಬೆಳ್ಳಿಯು ಗಂಧಕದೊಡನೆ ಕೂಡಿ ಬೆಳ್ಳಿಯ ಸಲ್ಫೈಡಾದಾಗ ಚಿತ್ರ ಹೆಚ್ಚು ಬಾಳಿಕೆ ಬರುತ್ತಿತ್ತು. ಕಂಪ್ಯೂಟರಿನ ಕಂದುಛಾಯೆಗೆ ಆ ಪ್ರಯೋಜನವಿಲ್ಲ. ತಾಳೆಯೋಲೆಯ ಸಹಜವರ್ಣವೂ ಕಂದೇ ಆದುದರಿಂದ ಓದುಗನು ಲೇಪವನ್ನು ಓಲೆಯ ಬಣ್ಣವೆಂದೇ ಭಾವಿಸುವ ಅಪಾಯವಿದೆ. ಹೊಸ ಓಲೆಯೂ ಹಳೆಯ ಓಲೆಯೂ, ಎಣ್ಣೆ ಸವರಿದುದೂ ಸವರದುದೂ ಒಂದೇ ಕಂದಿನಲ್ಲಿ ಮುಳುಗುತ್ತವೆ. ಬೂದುಬಣ್ಣವು ತಾನು ಬಣ್ಣವನ್ನು ಬಿಟ್ಟೆನೆಂದು ಒಪ್ಪಿಕೊಳ್ಳುತ್ತದೆ. ಕಂದುಛಾಯೆ ಇಲ್ಲದ ಬಣ್ಣವನ್ನು ಉಂಟೆಂದು ಹೇಳುತ್ತದೆ.

ಇಷ್ಟರಿಂದ ಏಕವರ್ಣವು ತ್ಯಾಜ್ಯವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ೧೯೦೬ರಲ್ಲಿ ಡೆನ್ಮಾರ್ಕಿನ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆರ್ಕಿಮಿಡೀಸನ ಕೃತಿಗಳನ್ನುಳ್ಳ, ಅಳಿಸಿ ಮರುಬರೆದ ಚರ್ಮಪತ್ರದ ಗ್ರಂಥವನ್ನು ಪರಿಶೀಲಿಸಿದಾಗ ಅದರ ಕಪ್ಪು-ಬಿಳುಪಿನ ಛಾಯಾಚಿತ್ರಗಳು ಸಿದ್ಧವಾದವು. ಮುಂದೆ ಆ ಗ್ರಂಥ ಬಹಳ ಕೆಟ್ಟಿತು. ನಾಲ್ಕು ಪತ್ರಗಳ ಮೇಲೆ ಯಾರೋ ಕೃತಕ ಚಿತ್ರಗಳನ್ನೂ ಬರೆದರು. ಆ ಚಿತ್ರಗಳು ಪ್ರಾಚೀನವಲ್ಲವೆಂದು ತಿಳಿಯಲೂ, ಕೆಟ್ಟುಹೋದ ಪಾಠವನ್ನು ಓದಲೂ ಹಳೆಯ ಏಕವರ್ಣ ಚಿತ್ರಗಳು ನೆರವಾದವು. ಬಣ್ಣವಿಲ್ಲದ ದಾಖಲೆಯೂ ದಾಖಲೆಯಿಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಅದೇ ಗ್ರಂಥದ ಮೇಲೆ ೧೯೯೯ರಿಂದ ನಡೆದ ಕಾರ್ಯದಲ್ಲಿ ಬೇರೆಬೇರೆ ತರಂಗಾಂತರಗಳ ಬೆಳಕಿನಲ್ಲಿ ಪ್ರತ್ಯೇಕ ಏಕವರ್ಣ ಚಿತ್ರಗಳನ್ನು ತೆಗೆದು, ಬಳಿಕ ಅವನ್ನು ಕೂಡಿಸಿ, ಅಡಗಿದ ಬರಹ ಕೆಂಪಾಗಿಯೂ ಮೇಲಿನ ಬರಹ ಕಪ್ಪಾಗಿಯೂ ಕಾಣುವಂತೆ ಮಾಡಲಾಯಿತು.

ತಾಳೆಯೋಲೆಗೂ ಈ ಮಾರ್ಗ ಸಲ್ಲುತ್ತದೆ. ಕಾಡಿಗೆಯ ಇಂಗಾಲವು ಅವರಕ್ತ ಬೆಳಕನ್ನು ಹೀರುತ್ತದೆ. ಕಪ್ಪಾದ ಗರಿಯು ಆ ಬೆಳಕಿನಲ್ಲಿ ಬೆಳ್ಳಗೆ ತೋರುವುದುಂಟು. ಆದ್ದರಿಂದ ಕಣ್ಣಿಗೆ ಕಾಣದ ಅಕ್ಷರವು ಅವರಕ್ತದ ಏಕವರ್ಣ ಚಿತ್ರದಲ್ಲಿ ಮೂಡಬಹುದು. ಕಾಡಿಗೆ ಪೂರ್ತಿ ಉದುರಿದ್ದರೆ ಓರೆಯಾಗಿ ಬಿಟ್ಟ ಬೆಳಕಿನಲ್ಲಿ ಕಂಠದ ಗೀರುಗಳ ನೆರಳನ್ನು ಹಿಡಿಯಬಹುದು. ಇಲ್ಲೆಲ್ಲ ಏಕವರ್ಣವು ಒಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟುತ್ತದೆ. ಯಾವ ಬೆಳಕು, ಯಾವ ಘಟಕ, ಏತಕ್ಕಾಗಿ ಎಂಬುದು ಮೊದಲೇ ಗೊತ್ತಿರುತ್ತದೆ. ಆಕ್ಷೇಪವಿರುವುದು ಪ್ರಶ್ನೆಯೇ ಇಲ್ಲದೆ, ಅಗ್ಗವೆಂಬ ಅಥವಾ ಅಂದವೆಂಬ ಕಾರಣದಿಂದ ಮಾಡುವ ಏಕವರ್ಣದ ಬಗ್ಗೆ.

ಪರಿಹಾರ ಕಠಿಣವಾದುದಲ್ಲ. ಹಸ್ತಪ್ರತಿಯ ಬಣ್ಣದ ಮೂಲಚಿತ್ರವನ್ನು, ಪಕ್ಕದಲ್ಲಿ ಬಣ್ಣದ ಅಳತೆಪಟ್ಟಿಯನ್ನಿಟ್ಟು ತೆಗೆದು, ಬದಲಿಸದೆ ಕಾಪಿಡಬೇಕು. ಏಕವರ್ಣವು ಅದರಿಂದ ಹುಟ್ಟಿದ ಪ್ರತಿಯಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದು. ಪ್ರತಿಯೊಂದು ಫಲಕದ ಕೆಳಗೆ ಯಾವ ವಿಧಾನದಿಂದ ಏಕವರ್ಣಕ್ಕೆ ಇಳಿಸಲಾಯಿತು, ಯಾವ ಘಟಕ, ಮಿತಿಸಂಖ್ಯೆ ಇದ್ದರೆ ಎಷ್ಟು ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಬೇಕು. ಕೆಂಪಕ್ಷರ, ಹರಿತಾಳದ ತೇಪೆ, ಚಿತ್ರದ ಹಿನ್ನೆಲೆ, ತೀರ್ಥಂಕರರ ಮೈಬಣ್ಣಗಳನ್ನು ಸೂಚಿಯ ವಿವರಣೆಯಲ್ಲಿ ಮಾತಿನಲ್ಲಿಯಾದರೂ ದಾಖಲಿಸಬೇಕು. ದ್ವಿಮೌಲ್ಯ ಚಿತ್ರವನ್ನು ಓದುವ ಸೌಕರ್ಯಕ್ಕೆ ಬಳಸಬಹುದು, ಪಾಠನಿರ್ಣಯಕ್ಕೆ ಸಾಕ್ಷಿಯಾಗಿ ಉದಾಹರಿಸಕೂಡದು. ಪ್ರತಿಯ ಸಂಕೇತವನ್ನು ಹೇಳದೆ ಪಾಠಾಂತರವನ್ನು ಕೊಡುವ ಸಂಪಾದಕನನ್ನು ಯಾವ ವಿಮರ್ಶಕನೂ ಕ್ಷಮಿಸುವುದಿಲ್ಲ. ವಿಧಾನವನ್ನು ಹೇಳದ ಪ್ರತಿಚಿತ್ರಕ್ಕೂ ಅದೇ ನ್ಯಾಯ ಸಲ್ಲಬೇಕು.

ಲೇಶ್ಯಾವೃಕ್ಷದ ದೃಷ್ಟಾಂತದಲ್ಲಿ ಆರು ಜನರಿಗೂ ಬೇಕಾಗಿದ್ದುದು ಹಣ್ಣು. ಅದನ್ನು ಪಡೆಯುವಾಗ ಮರಕ್ಕೆ ಎಷ್ಟು ಹಾನಿಯಾಯಿತೆಂಬುದರಲ್ಲಿಯೇ ಅವರ ತಾರತಮ್ಯ. ಹಸ್ತಪ್ರತಿಯಿಂದ ಪಾಠವನ್ನು ಪಡೆಯಬಯಸುವವರಿಗೂ ಇದೇ ಅಳತೆಗೋಲು ಸಲ್ಲುತ್ತದೆ.